ನಾದ ಹೊರಡುವ ಮುನ್ನ: ಕೊಳಲು ಕಲಿತ ನನ್ನ ಅನುಭವ

ಕೊಳಲನ್ನು ಕೈಗೆತ್ತಿಕೊಂಡ ಮೊದಲ ಒಂಬತ್ತು ದಿನ ನನ್ನಿಂದ ಒಂದು ಸ್ವರವೂ ಹೊರಡಲಿಲ್ಲ. ಬರಿಯ ಗಾಳಿಯ ಸದ್ದು ಬರುತ್ತಿತ್ತು, ಹತ್ತು ನಿಮಿಷ ಊದುವಷ್ಟರಲ್ಲಿ ತಲೆ ಸುತ್ತುತ್ತಿತ್ತು. ಜೋರಾಗಿ ಊದಿದರೆ ನಾದ ಬಂದೀತು ಎಂಬ ನನ್ನ ಎಣಿಕೆಯೇ ತಪ್ಪಾಗಿತ್ತು. ನಾಗಸ್ವರದಲ್ಲಿ ಕಂಪಿಸುವುದಕ್ಕೆ ಒಂದು ಪೀಪಿಯಿದೆ. ಕೊಳಲಿನಲ್ಲಿ ಅಂಥದ್ದೇನೂ ಇಲ್ಲ. ತುಟಿಗಳ ನಡುವಿನ ಕಿರಿದಾದ ಸೀಳಿನಿಂದ ಹೊರಟ ಗಾಳಿ ಊದುವ ರಂಧ್ರದ ಎದುರಂಚಿಗೆ ತಾಗಿ, ಒಮ್ಮೆ ಒಳಕ್ಕೆ ಒಮ್ಮೆ ಹೊರಕ್ಕೆ ಹೊರಳುತ್ತಾ, ಬಿದಿರಿನೊಳಗಿನ ಗಾಳಿಯನ್ನು ಮಿಡಿಯುವಂತೆ ಮಾಡಿದಾಗಲೇ ನಾದ ಹುಟ್ಟುತ್ತದೆ. ಹೀಗಾಗಿ ಈ ವಾದ್ಯದ ಅರ್ಧ ಭಾಗ ನಮ್ಮ ತುಟಿಯೇ ಎಂದು ನಾನು ನಂಬುತ್ತೇನೆ.

ಗುರುಗಳು ಬೆರಳುಗಳನ್ನೆಲ್ಲ ಎತ್ತಿಬಿಡುವಂತೆ ಹೇಳಿ, ಕನ್ನಡಿಯ ಮುಂದೆ ನಿಲ್ಲಿಸಿದರು. ಕೆಳತುಟಿ ರಂಧ್ರದ ಮೂರನೆಯ ಒಂದು ಭಾಗದಷ್ಟನ್ನು ಮುಚ್ಚುವಂತಿಟ್ಟು, ಮೆಲ್ಲನೆ ಊದುತ್ತಾ, ಕೊಳಲನ್ನು ಕೂದಲೆಳೆಯಷ್ಟು ಹೊರಕ್ಕೆ ತಿರುಗಿಸುತ್ತಾ ಹೋದೆ. ಹತ್ತನೆಯ ದಿನ ಒಂದೆಡೆ ಆ ಸುಸ್ಸೆಂಬ ಸದ್ದು ಒಟ್ಟುಗೂಡಿ ಸ್ವರವಾಯಿತು. ಬೆರಳ ತುದಿಗೂ ಬಿದಿರಿನ ನಡುಕ ತಿಳಿಯಿತು.

ಕರ್ನಾಟಕ ಸಂಗೀತದ ಕೊಳಲಿನಲ್ಲಿ ಊದುವ ರಂಧ್ರವಲ್ಲದೆ ಬೆರಳಿಗೆ 8 ರಂಧ್ರಗಳಿರುತ್ತವೆ. ಹಿಂದೂಸ್ತಾನಿ ಬಾನ್ಸುರಿಯಲ್ಲಿ ಸಾಮಾನ್ಯವಾಗಿ 6. ನಮ್ಮಲ್ಲಿ ಮೇಲಿನ ಎರಡು ರಂಧ್ರ ಮುಚ್ಚಿದರೆ ಷಡ್ಜ, ಅಂದರೆ ‘ಸ’ ಸ್ವರ, ಅವರಲ್ಲಿ ಮೂರು. ಪನ್ನಾಲಾಲ್ ಘೋಷ್ (1911–1960) ಉದ್ದನೆಯ ಬಾನ್ಸುರಿಯನ್ನು ಕಛೇರಿಗೆ ತಂದರು, ಇತ್ತ ಟಿ. ಆರ್. ಮಹಾಲಿಂಗಂ (1926–1986) ಗಾಯನದ ಗಮಕಗಳನ್ನು, ಅಂದರೆ ಸ್ವರಗಳ ಬಳುಕನ್ನು, ಕೊಳಲಿನಲ್ಲಿ ಕೇಳಿಸಿದರು. ಅದಕ್ಕೆ ಆಧಾರ ರಂಧ್ರವನ್ನು ಅರೆ ಮುಚ್ಚುವ ಕೌಶಲ ಎಂಬುದು ನನಗೆ ಅರಿವಾದದ್ದು ಆರಂಭದ ಸ್ವರಪಾಠವಾದ ಸರಳೆ ವರಸೆಗೆ ಬಂದಾಗ. ಆ ಪಾಠದ ರಾಗವಾದ ಮಾಯಾಮಾಳವಗೌಳದ ಶುದ್ಧ ರಿಷಭಕ್ಕೆ, ಅಂದರೆ ತಗ್ಗಿನ ‘ರಿ’ ಸ್ವರಕ್ಕೆ, ಎರಡನೆಯ ರಂಧ್ರವನ್ನು ಅರ್ಧ ಮಾತ್ರ ತೆರೆಯಬೇಕು, ಅಂದರೆ ಮೊದಲ ಪಾಠದ ಎರಡನೆಯ ಸ್ವರದಲ್ಲೇ ಕೊಳಲು ನಮ್ಮ ಕಿವಿಯನ್ನು ಪರೀಕ್ಷಿಸುತ್ತದೆ. ಬೆರಳನ್ನು ಎತ್ತದೆ ಪಕ್ಕಕ್ಕೆ ಜಾರಿಸುತ್ತಾ, ತಂಬೂರಿಯ ಷಡ್ಜಕ್ಕೆ ಎದುರಾಗಿ ಆ ರಿಷಭದ ನೆಲೆಯನ್ನು ಹುಡುಕುವುದರಲ್ಲೇ ನನಗೆ ಎರಡು ತಿಂಗಳು ಕಳೆದವು. ಗಾಳಿ ಸೋರುತ್ತಿದೆಯೇ ಎಂದು ತಿಳಿಯಲು ಒಂದು ದಾರಿಯಿದೆ: ಅಭ್ಯಾಸದ ನಂತರ ಬೆರಳಿನ ಮೆತ್ತನೆಯ ಭಾಗದಲ್ಲಿ ಉಂಗುರದಂತೆ ಪೂರ್ಣ ಗುರುತು ಮೂಡಿರಬೇಕು. ನನ್ನ ಬಲಗೈ ಉಂಗುರದ ಬೆರಳಿನಲ್ಲಿ ಅದು ಬಹುಕಾಲ ಅರ್ಧಚಂದ್ರವಾಗಿಯೇ ಉಳಿದಿತ್ತು.

ಶ್ರುತಿಯ ವಿಷಯದಲ್ಲಿಯೂ ಒಮ್ಮೆ ಎಡವಿದೆ. ತಣ್ಣಗಿದ್ದ ಕೊಳಲಿಗೆ ತಂಬೂರಿಯನ್ನು ಹೊಂದಿಸಿ ಕೂತೆ. ಕಾಲು ಗಂಟೆಯೊಳಗೆ ಉಸಿರಿನ ಬಿಸಿಗೆ ಸ್ವರವೆಲ್ಲ ಮೇಲಕ್ಕೇರಿತು. ಬೆಚ್ಚಗಿನ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚುವುದೇ ಇದಕ್ಕೆ ಕಾರಣ. ಈಗ ಕೊಳಲನ್ನು ಮೊದಲು ಐದು ನಿಮಿಷ ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ಊದಿ ಬೆಚ್ಚಗಾಗಿಸಿದ ಮೇಲೆಯೇ ತಂಬೂರಿಗೆ ಕೈಹಾಕುತ್ತೇನೆ. ಒಣಹವೆಯಲ್ಲಿ ಬಿದಿರು ಸೀಳದಂತೆ ಆಗಾಗ ತೆಳುವಾಗಿ ಎಣ್ಣೆ ಸವರುತ್ತೇನೆ.

ಮಂದ್ರಸ್ಥಾಯಿಯ ಪಂಚಮ, ಅಂದರೆ ‘ಪ’ ಸ್ವರ, ಇಂದಿಗೂ ನನಗೆ ಕಠಿಣವೇ. ಗಾಳಿ ತುಸು ಹೆಚ್ಚಾದರೂ ಸ್ವರ ಮೇಲಿನ ಸ್ಥಾಯಿಗೆ ನೆಗೆಯುತ್ತದೆ, ಕಡಿಮೆಯಾದರೆ ನಿಂತೇಹೋಗುತ್ತದೆ. ಪ್ರತಿ ಬೆಳಿಗ್ಗೆ ಅದೊಂದನ್ನೇ ದೀರ್ಘವಾಗಿ, ಒಂದೇ ಉಸಿರಿನಲ್ಲಿ, ಹದಿನೈದು ಎಣಿಸುವವರೆಗೆ ಹಿಡಿದು ನಿಲ್ಲಿಸುತ್ತೇನೆ.