ಊರಿನ ಹಳೇ ಫೋಟೊ: ಮೊದಲು ಹಿಂಬದಿ ನೋಡಿ

ಟ್ರಂಕಿನ ತಳದಲ್ಲಿ ಊರಿನ ಹಳೇ ಫೋಟೊಗಳ ಕಟ್ಟೊಂದು ಸಿಕ್ಕಿತೆನ್ನಿ. ಗಡಿಯಾರದ ಗೋಪುರ, ಶಾಲೆ ಮುಂದೆ ಸಾಲಾಗಿ ನಿಂತ ಮಕ್ಕಳು, ಕುಸಿದ ಸೇತುವೆ ನೋಡಲು ನೆರೆದ ಜನ. ತಕ್ಷಣ ಮೊಬೈಲಿನಲ್ಲಿ ಕ್ಲಿಕ್ಕಿಸಿ ಎಲ್ಲರಿಗೂ ಕಳಿಸುವ ಆಸೆಯಾಗುತ್ತದೆ. ತಡೆಯಿರಿ. ಎಲ್ಲಿ, ಯಾವಾಗ, ಯಾರು ಎಂಬುದು ಕಳಚಿಹೋದರೆ ಉಳಿಯುವುದು ಬರೀ ಹಳದಿ ಕಾಗದ.

1. ಕಟ್ಟಿನ ಕ್ರಮ ಕೆಡಿಸಬೇಡಿ. ಯಾವುದರ ಪಕ್ಕ ಯಾವುದಿತ್ತು ಎಂಬುದೂ ಒಂದು ಸುಳಿವು. ಪ್ರತಿ ಫೋಟೊವನ್ನೂ ತಿರುಗಿಸಿ ಸ್ಟುಡಿಯೋ ಮೊಹರು, ಪೆನ್ಸಿಲ್ ಬರಹ ಹುಡುಕಿ.

2. ಒಣಗಿದ ಕೈಯಲ್ಲಿ ಅಂಚು ಮಾತ್ರ ಹಿಡಿಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮೇಲಿನ ಜೆಲಟಿನ್ ಪದರ ಉಬ್ಬಿ ಕಿತ್ತುಬರುತ್ತದೆ. ಆಲ್ಬಮ್ಮಿಗೆ ಅಂಟಿಕೊಂಡಿದ್ದರೆ ಎಳೆಯದೆ, ಹಾಳೆ ಸಮೇತ ಸ್ಕ್ಯಾನ್ ಮಾಡಿ.

3. ಸ್ಕ್ಯಾನ್ ಮಾಡುವಾಗ ಪೋಸ್ಟ್‌ಕಾರ್ಡ್ ಗಾತ್ರದ್ದಕ್ಕೆ 600 ಡಿಪಿಐ (ಒಂದು ಅಂಗುಲಕ್ಕೆ ಎಷ್ಟು ಚುಕ್ಕಿ ಎಂಬ ಲೆಕ್ಕ), ಅದಕ್ಕಿಂತ ಚಿಕ್ಕದಕ್ಕೆ 1200. ಚಿತ್ರದ ವಿವರ ಕಳೆಯದೆ ಉಳಿಸುವ ಟಿಫ್ (TIFF) ಕಡತವಾಗಿ ಉಳಿಸಿ. ಕಪ್ಪು-ಬಿಳುಪಿನದನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಹಿಂಬದಿಯನ್ನು ಮರೆಯಬೇಡಿ.

4. ಇನ್ನು ಇಸವಿ. ನಿಜವಾದ ಮಜಾ ಇರುವುದೇ ಇಲ್ಲಿ. ದಪ್ಪ ರಟ್ಟಿಗೆ ಅಂಟಿಸಿದ, ಸುಮಾರು 108 x 165 ಮಿಲಿಮೀಟರಿನ ‘ಕ್ಯಾಬಿನೆಟ್ ಕಾರ್ಡ್’ ಆದರೆ ಅದು 1866ರ ನಂತರದ್ದು. ಅದಕ್ಕೂ ಚಿಕ್ಕ ‘ಕಾರ್ಟ್ ದ ವಿಸಿಟ್’ಗೆ ಪ್ಯಾರಿಸ್ಸಿನ ಛಾಯಾಗ್ರಾಹಕ ಡಿಸ್ಡೆರಿ ಪೇಟೆಂಟ್ ಪಡೆದದ್ದು 1854ರಲ್ಲಿ. ಆದರೆ ಕಾಗದವನ್ನೇ ಪೂರ್ತಿ ನಂಬಬೇಡಿ. ಹಳೇ ನೆಗೆಟಿವ್‌ನಿಂದ ನಲವತ್ತು ವರ್ಷ ಬಿಟ್ಟೂ ಪ್ರಿಂಟ್ ಹಾಕಿಸಿರಬಹುದು.

ಹಾಗಾಗಿ ಚಿತ್ರದೊಳಕ್ಕೇ ಇಳಿಯಬೇಕು. ಸ್ಕ್ಯಾನನ್ನು ಹಿಗ್ಗಿಸಿ, ಮೂಲೆಯಿಂದ ಮೂಲೆಗೆ ನೋಡಿ. ಕರೆಂಟ್ ಕಂಬ ಇದೆಯೇ? ಗೋಪುರಕ್ಕೆ ಸಾರುವೆ ಕಟ್ಟಿದ್ದಾರೆಯೇ? ಕಂಬ ಬಂದ ವರ್ಷ, ಗೋಪುರ ಮುಗಿದ ವರ್ಷ ನಗರಸಭೆಯ ದಾಖಲೆಯಲ್ಲೋ ಹಳೇ ಪತ್ರಿಕೆಯಲ್ಲೋ ಸಿಕ್ಕರೆ ‘ಇದಕ್ಕಿಂತ ಮೊದಲಲ್ಲ, ಇದರ ನಂತರವಲ್ಲ’ ಎಂಬ ಎರಡು ಗೂಟ ನೆಟ್ಟಂತಾಯಿತು.

ಗಡಿಯಾರವಿದ್ದರಂತೂ ಬಿಡಲೇಬೇಡಿ. ಮುಳ್ಳು 10:20 ತೋರಿಸುತ್ತಿದ್ದರೆ ನೆರಳು ಪಶ್ಚಿಮದ ಕಡೆ ಬಿದ್ದಿರಬೇಕು. ಪೂರ್ವಕ್ಕೆ ಬಿದ್ದಂತೆ ಕಂಡರೆ? ಗಡಿಯಾರ ಕೆಟ್ಟು ನಿಂತಿದೆ, ಇಲ್ಲವೇ ನೆಗೆಟಿವನ್ನು ಎಡಬಲ ತಿರುಗಿಸಿ ಪ್ರಿಂಟ್ ಹಾಕಿದ್ದಾರೆ. ಹಾಗೆ ತಿರುಗಿದ ಚಿತ್ರದಲ್ಲಿ 1:40 ಎನ್ನುವುದು 10:20ರಂತೆಯೇ ಕಾಣುತ್ತದೆ! ಅಂಗಡಿ ಬೋರ್ಡಿನ ಅಕ್ಷರಗಳೂ ತಿರುಗುಮುರುಗಾಗಿದ್ದರೆ ಅನುಮಾನವೇ ಬೇಡ.

5. ಹಿರಿಯರನ್ನು ಕೇಳುವಾಗ ‘ಇದು ಯಾವ ಇಸವಿ?’ ಎಂದು ಶುರುಮಾಡಬೇಡಿ. ಇಸವಿ ಯಾರಿಗೂ ನೆನಪಿರುವುದಿಲ್ಲ. ‘ಈ ಬಾಗಿಲಿನ ಒಳಗೆ ಏನಿತ್ತು, ಅಜ್ಜಿ?’ ಎನ್ನಿ, ಮಾತು ತಾನೇ ಹರಿಯುತ್ತದೆ. ಒಬ್ಬೊಬ್ಬರನ್ನೇ ಕೇಳಿ. ಗುಂಪಿನಲ್ಲಿ ಕೂರಿಸಿದರೆ ದೊಡ್ಡ ಗಂಟಲಿನವರು ಹೇಳಿದ್ದೇ ಇತಿಹಾಸವಾಗಿಬಿಡುತ್ತದೆ. ಯಾರು ಹೇಳಿದ್ದು, ಯಾವತ್ತು ಹೇಳಿದ್ದು ಎಂಬುದನ್ನೂ ಗುರುತು ಹಾಕಿಕೊಳ್ಳಿ. ಖಚಿತವಿಲ್ಲದ ಹೆಸರಿನ ಮುಂದೆ ‘ಬಹುಶಃ’ ಇರಲಿ.

6. ಹಿಂಬದಿ ಬರೆಯುವುದಾದರೆ ಮೆದು ಪೆನ್ಸಿಲ್, ಅದೂ ಅಂಚಿನಲ್ಲಿ, ಹಗುರಾಗಿ. ನಾನೊಮ್ಮೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದೆ. ಮುಂದೆ ತಿರುಗಿಸಿದರೆ, ನಡುವೆ ಕೂತಿದ್ದ ಮೇಷ್ಟ್ರ ಕೆನ್ನೆಯ ಮೇಲೇ ಇಸವಿ ಉಬ್ಬಿ ನಿಂತಿತ್ತು. ಆ ಗೀರು ಇವತ್ತಿಗೂ ಹಾಗೇ ಇದೆ.

7. ಕೊನೆಗೆ, ಪ್ರಿಂಟಿನ ಒಂದು ಪ್ರತಿ ಹಿಡಿದು ಅದೇ ಜಾಗಕ್ಕೆ ಹೋಗಿ. ಹತ್ತಿರದ ಕಟ್ಟಡದ ಮೂಲೆ, ದೂರದ ಗೋಪುರದ ಕಿಟಕಿ ಹೀಗೆ ಹಿಂದುಮುಂದಿನ ಎರಡು ಗುರುತು ಆರಿಸಿಕೊಳ್ಳಿ. ಚಿತ್ರದಲ್ಲಿ ಮೂಲೆ ಕಿಟಕಿಯ ಎಡಕ್ಕಿದ್ದು, ನಿಮಗೆ ಬಲಕ್ಕೆ ಕಂಡರೆ ಬಲಕ್ಕೆ ಸರಿಯಿರಿ. ಒಂದು ಹೆಜ್ಜೆ, ಅರ್ಧ ಹೆಜ್ಜೆ. ಎರಡೂ ಚಿತ್ರದಲ್ಲಿದ್ದಂತೆಯೇ ಹೊಂದಿಕೊಂಡವೇ? ಇನ್ನು ನೆರಳು ಚಿತ್ರದಲ್ಲಿರುವ ಮೆಟ್ಟಿಲಿಗೆ ಬರುವ ತನಕ ಕಾದು ಕ್ಲಿಕ್ಕಿಸಿ.