ಹಿಂದಿನ ಚಕ್ರದ ಗುಂಯ್ ಸದ್ದು: ಟಯರೋ, ಬೇರಿಂಗೋ?

45ರ ವೇಗದ ತನಕ ಏನೂ ಇಲ್ಲ. ಅದು ದಾಟಿದರೆ ಹಿಂದಿನ ಸೀಟಿನಡಿಯಿಂದ ಗುಂಯ್ ಎಂದು ಶುರು, 70ಕ್ಕೆ ಬಂದರೆ ಪಕ್ಕದವರ ಮಾತು ಕೇಳದು. ಕಾರು ಹಿಂದೆ ಡ್ರಮ್ ಬ್ರೇಕ್ ಇರುವ ಹ್ಯಾಚ್‌ಬ್ಯಾಕ್, ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ, ಟಯರ್ 165/80 ಆರ್14. ಇಂಥ ಸದ್ದಿಗೆ ಕೂಡಲೇ ಬೇರಿಂಗ್ (ಚಕ್ರ ಸರಾಗ ತಿರುಗಲು ನಡುವೆ ಇರುವ ಗುಂಡುಗಳ ಬಳೆ) ತರಿಸುವವರೇ ಹೆಚ್ಚು. ನಾನು ಬೇರಿಂಗಿಗೆ ಕೈ ಹಾಕುವುದು ಕೊನೆಗೆ.

ಮೊದಲು ಡಿಕ್ಕಿ ಪೂರ್ತಿ ಖಾಲಿ ಮಾಡಿದೆ. ಸ್ಟೆಪ್ನಿಯ ಬೋಲ್ಟ್ ಬಿಗಿ ಮಾಡಿ, ಜಾಕಿ, ಸ್ಪಾನರ್ ಹೊರಗಿಟ್ಟೆ. ನಿಂತಲ್ಲೇ ಎಂಜಿನ್ ರೇಸ್ ಮಾಡಿದಾಗ ಸದ್ದಿಲ್ಲ, ಹಾಗಾಗಿ ಸೈಲೆನ್ಸರಿನ ರಬ್ಬರ್ ಬಿಟ್ಟುಹಾಕಬಹುದು. ಆಮೇಲೆ ಖಾಲಿ ರಸ್ತೆಯಲ್ಲಿ 70ಕ್ಕೆ ಏರಿಸಿ ನ್ಯೂಟ್ರಲ್‌ಗೆ ಹಾಕಿದೆ. ಎಂಜಿನ್ ಆಫ್ ಮಾಡಬಾರದು, ಬ್ರೇಕಿನ ಸಹಾಯ ಹೋಗುತ್ತದೆ, ಸ್ಟೀರಿಂಗ್ ಲಾಕ್ ಆಗುವ ಅಪಾಯವೂ ಉಂಟು. ಸದ್ದು ಬದಲಾಗಲಿಲ್ಲ, ವೇಗ ಇಳಿದಂತೆ ಇಳಿಯಿತು. ಅಂದರೆ ಚಕ್ರದೊಂದಿಗೆ ತಿರುಗುವ ಯಾವುದೋ ಒಂದು. (ಓಮ್ನಿ, ಬೊಲೆರೊದಂಥ ಹಿಂದಿನ ಚಕ್ರ ಎಳೆಯುವ ಗಾಡಿಯಾದರೆ ಆಕ್ಸಿಲರೇಟರ್ ಕೊಟ್ಟಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿ ಬರುತ್ತದೆಯೇ ನೋಡಬೇಕು. ಬಂದರೆ ಡಿಫರೆನ್ಷಿಯಲ್, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಗೇರುಗಳ ಡಬ್ಬಿಯ ಕಡೆ ತಿರುಗಿ.)

ಈ ಟಯರಿನ ಸುತ್ತಳತೆ ಸುಮಾರು 1.95 ಮೀಟರ್. 60ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಎಂಟೂವರೆ ಸುತ್ತು ಹೊಡೆಯುತ್ತದೆ. ಬ್ಯಾಲೆನ್ಸ್ ತಪ್ಪಿದ್ದರೆ ಅಥವಾ ಟಯರಿನ ಒಂದು ಕಡೆ ಚಪ್ಪಟೆಯಾಗಿದ್ದರೆ ಸುತ್ತಿಗೊಂದು ಹೊಡೆತ, ಅದು ಸೀಟಿಗೆ ನಡುಕವಾಗಿ ಗೊತ್ತಾಗುತ್ತದೆ. ಬೇರಿಂಗಿನ ಹೊರ ರೇಸಿನಲ್ಲಿ (ಗುಂಡುಗಳು ಉರುಳುವ ಹೊರಗಿನ ಬಳೆಯಲ್ಲಿ) ಒಂದು ಗುಳಿ ಬಿದ್ದರೆ ಪ್ರತಿ ಗುಂಡು ದಾಟುವಾಗಲೂ ಒಂದು ಪೆಟ್ಟು, ಚಕ್ರದ ಒಂದು ಸುತ್ತಿನಲ್ಲಿ ಐದಾರು. ಅವು ಒಂದಕ್ಕೊಂದು ಸೇರಿ ಗುಂಯ್ ಆಗುತ್ತದೆ. ತೊಂದರೆ ಎಲ್ಲಿ ಅಂದರೆ, ಏರಿಳಿತವಾಗಿ ಸವೆದ ಟಯರೂ ಹೆಚ್ಚುಕಡಿಮೆ ಇದೇ ದನಿ ಕೊಡುತ್ತದೆ. ಕಿವಿಯೊಂದನ್ನೇ ನಂಬಿ ಬೇರ್ಪಡಿಸಲಾಗದು. ಹ್ಯಾಚ್‌ಬ್ಯಾಕಿನ ಹಿಂಭಾಗ ಚೆಂಡೆಯ ಹೊಟ್ಟೆಯ ಹಾಗೆ, ಮುಂದಿನ ಚಕ್ರದ ಸದ್ದೂ ಹಿಂದೆ ಕೇಳುವುದುಂಟು.

ರಸ್ತೆಯೇ ಒಂದು ಪರೀಕ್ಷೆ. ತಲಪಾಡಿಯಿಂದ ಈಚೆಗೆ, ಕಾಸರಗೋಡು ಕಡೆಗಿನ ಹೊಸ ಹೆದ್ದಾರಿಯ ನುಣುಪಿನಲ್ಲೊಮ್ಮೆ, ಬದಿಯಡ್ಕ ಕಡೆಯ ಜಲ್ಲಿ ಎದ್ದ ಹಳೆ ಡಾಂಬರಿನಲ್ಲೊಮ್ಮೆ ಒಂದೇ ವೇಗದಲ್ಲಿ ಹೋಗಿ. ರಸ್ತೆ ಬದಲಾದಾಗ ದನಿ ಬದಲಾದರೆ ಟಯರ್, ಹಾಗೇ ಉಳಿದರೆ ಬೇರಿಂಗ್. ಇಲ್ಲಿ ಅರ್ಧ ಬದಲಾಯಿತು, ಅರ್ಧ ಉಳಿಯಿತು. ಸಂಶಯ ಬಂದದ್ದೇ ಆಗ: ಎರಡು ಸದ್ದು ಒಟ್ಟಿಗೆ ಇರಬಹುದು.

ಚೆರ್ಕಳ-ಜಾಲ್ಸೂರು ರಸ್ತೆಯ ತಿರುವುಗಳು ಇದಕ್ಕೆ ಅನುಕೂಲ. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡಚಕ್ರಗಳ ಮೇಲೆ ಬೀಳುತ್ತದೆ. ಬಲ ತಿರುವಿನಲ್ಲಿ ಸದ್ದು ಗಟ್ಟಿಯಾಯಿತು, ಎಡಕ್ಕೆ ತಿರುಗಿದಾಗ ಕುಗ್ಗಿತು. ಸಂಶಯ ಎಡಕ್ಕೆ ಹೋಯಿತು. ಆದರೂ ಇದೊಂದೇ ಸಾಕ್ಷಿ ಸಾಲದು, ಕೆಲವು ಬೇರಿಂಗ್ ಭಾರ ಬಿದ್ದಾಗಲೇ ಸುಮ್ಮನಾಗುತ್ತವೆ.

ಟಯರಿನ ಸರದಿ. ಅಂಗೈಯನ್ನು ಟ್ರೆಡ್ಡಿನ (ಟಯರಿನ ನೆಲ ಮುಟ್ಟುವ ಮೈಯ) ಮೇಲೆ ತಿರುಗುವ ದಿಕ್ಕಿಗೆ ಒಮ್ಮೆ, ಎದುರು ದಿಕ್ಕಿಗೆ ಒಮ್ಮೆ ಸವರಿದೆ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದ ಹಲ್ಲು. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಟಯರ್ ಅದಲುಬದಲು ಮಾಡದೆ ಹಿಂದೆಯೇ ಬಿಟ್ಟರೆ ಹೀಗಾಗುತ್ತದೆ. ಶಾಕ್ ಅಬ್ಸಾರ್ಬರ್ ಸತ್ತಿದ್ದರೆ ಹಲ್ಲಿನ ಬದಲು ಅಲ್ಲಲ್ಲಿ ಬಟ್ಟಲಿನಂಥ ತಗ್ಗು. ಗಾಳಿ ಸರಿಮಾಡಿ, ಎಡಭಾಗದ ಮುಂದಿನ-ಹಿಂದಿನ ಟಯರುಗಳನ್ನು ಮಾತ್ರ ಪರಸ್ಪರ ಬದಲಿಸಿ ಅದೇ ರಸ್ತೆಯಲ್ಲಿ ಓಡಿಸಿದೆ. ಒಮ್ಮೆಗೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಸದ್ದಿನ ಒಂದು ಪಾಲು ಮುಂದಕ್ಕೆ ಬಂತು, ಇನ್ನೊಂದು ಹಿಂದೆಯೇ ಉಳಿಯಿತು.

ಇನ್ನು ಜಾಕಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಬರೀ ಜಾಕಿಯ ಮೇಲಿರುವ ಕಾರಿನಡಿ ಕೈ ಹಾಕಬೇಡಿ. ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿದರೆ ಪ್ಲೇ (ಸಡಿಲ) ಇರಲಿಲ್ಲ. ಇಲ್ಲಿಗೇ 'ಬೇರಿಂಗ್ ಸರಿ ಉಂಟು' ಎಂದು ಬಿಡುವುದು ದೊಡ್ಡ ತಪ್ಪು, ಪ್ಲೇ ಬರುವುದಕ್ಕೆ ಬಹಳ ಮುಂಚೆಯೇ ಸದ್ದು ಬರುತ್ತದೆ. ಒಂದು ಕೈಯಲ್ಲಿ ಚಕ್ರ ತಿರುಗಿಸಿ, ಇನ್ನೊಂದು ಕೈಯ ಬೆರಳನ್ನು ಕಾಯಿಲ್ ಸ್ಪ್ರಿಂಗಿನ ಮೇಲಿಟ್ಟೆ. ಬಲದಲ್ಲಿ ಏನಿಲ್ಲ, ಎಡದಲ್ಲಿ ರವೆ ಅರೆದ ಹಾಗೆ ನವಿರಾದ ಗರಗರ. ಸುತ್ತಿಗೊಮ್ಮೆ ಶರ್ ಎನ್ನುವುದು ಡ್ರಮ್ಮಿನ ಒಳಮೈಗೆ ತಾಗುವ ಬ್ರೇಕ್ ಶೂ, ಅದಕ್ಕೆ ಹೆದರಬೇಕಾಗಿಲ್ಲ.

ಡ್ರಮ್ ಬಿಚ್ಚಿದಾಗ ಬೇರಿಂಗಿನ ಸೀಲಿನಂಚಿನಲ್ಲಿ ಕೆಂಪು ಕೆಸರು, ಗ್ರೀಸ್ ನೀರು ಸೇರಿ ಮಜ್ಜಿಗೆಯ ಬಣ್ಣ. ಎದುರು ಬಸ್ಸು ಬಂದರೆ ನಾವು ಎಡಚಕ್ರಗಳನ್ನು ಡಾಂಬರಿನಿಂದ ಕೆಳಗಿಳಿಸುತ್ತೇವಲ್ಲ, ಮಳೆಗಾಲದಲ್ಲಿ ಅಲ್ಲಿ ಮುರಕಲ್ಲಿನ (ಕೆಂಪು ಕಲ್ಲಿನ) ರಾಡಿ. ಎಡದ ಬೇರಿಂಗ್ ಮೊದಲು ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಡ್ರಮ್ ಬರದಿದ್ದರೆ ಸುತ್ತಿಗೆಗೆ ಮೊದಲು ಶೂ ಅಡ್ಜಸ್ಟರ್ ಸಡಿಲಿಸಿ, ಒಳಗಿನ ಸವೆತದ ಅಂಚು ಶೂಗೆ ಸಿಕ್ಕಿಕೊಂಡಿರುತ್ತದೆ. ಧೂಳನ್ನು ಗಾಳಿಯಲ್ಲಿ ಹಾರಿಸದೆ ಒದ್ದೆ ಬ್ರಷ್ಷಿನಲ್ಲಿ ತೆಗೆಯಿರಿ.

ಈ ಕಾರಿನಲ್ಲಿ ಬೇರಿಂಗ್ ಡ್ರಮ್ಮಿನೊಳಗೇ ಒತ್ತಿ ಕೂರಿಸಿದ್ದು. ಅದನ್ನು ಹಿಡಿದಿಡುವ ಸರ್ಕ್ಲಿಪ್ ತೆಗೆದು, ಪ್ರೆಸ್ಸಿನಲ್ಲಿ ಹಳತನ್ನು ಹೊರದಬ್ಬಿ, ಗೂಡಿನ ತುಕ್ಕು ಒರೆಸಿ, ಹೊಸದನ್ನು ಹೊರ ರೇಸಿನ ಮೇಲೆ ಮಾತ್ರ ಒತ್ತಡ ಬೀಳುವ ಹಾಗೆ ಕೂರಿಸಬೇಕು. ಒಳ ರೇಸನ್ನು ಒತ್ತಿದರೆ ಒತ್ತಡವೆಲ್ಲ ಗುಂಡುಗಳ ಮೂಲಕ ಹೋಗಿ ರೇಸಿನಲ್ಲಿ ಅಚ್ಚು ಬೀಳುತ್ತದೆ. ಬೇರಿಂಗ್ ಹಾಕಿ ತಿಂಗಳಾಗಲಿಲ್ಲ, ಮತ್ತೆ ಸದ್ದು ಎನ್ನುವ ದೂರುಗಳಿಗೆ ಇದೊಂದು ಮುಖ್ಯ ಕಾರಣ, ಸುಮ್ಮನೆ ಬ್ರ್ಯಾಂಡನ್ನು ಬಯ್ಯುತ್ತೇವೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಕೆಲವು ಕಾರುಗಳ ಬೇರಿಂಗಿನಲ್ಲಿ ಒಂದು ಬದಿಯ ಸೀಲ್ ಅಯಸ್ಕಾಂತದ್ದು, ತಿರುವುಮುರುವಾದರೆ ಎಬಿಎಸ್ ದೀಪ ಉರಿಯುತ್ತದೆ. ಸ್ಪಿಂಡಲ್, ಅಂದರೆ ಚಕ್ರ ಕೂರುವ ಕಂಬಿಯ ನಟ್ ಹೊಸದೇ ಹಾಕಿ, ಮ್ಯಾನ್ಯುಯಲ್ ಹೇಳುವ ಟಾರ್ಕಿಗೆ (ತಿರುಚುವ ಬಲಕ್ಕೆ) ಬಿಗಿದು, ಅದರ ಅಂಚನ್ನು ಸ್ಪಿಂಡಲಿನ ಗೀರಿಗೆ ತಟ್ಟಿ ಕೂರಿಸಿ. ಗಾಳಿಯ ಒತ್ತಡದಿಂದ ನಟ್ ಬಿಗಿಯುವ ಗನ್ನಿಗೆ ಇಲ್ಲಿ ಕೆಲಸವಿಲ್ಲ. ಮೇಲಿನ ಧೂಳಿನ ಮುಚ್ಚಳ ಸೊಟ್ಟಗಾಗಿದ್ದರೆ ಬದಲಿಸಿ, ಇಲ್ಲವಾದರೆ ಮುಂದಿನ ಜೂನಿನಲ್ಲಿ ಅದೇ ಕಥೆ.

ಶೂ ಮರುಹೊಂದಿಸಿ 15 ಕಿ.ಮೀ. ಓಡಿಸಿ, ಎರಡೂ ಡ್ರಮ್ಮಿನ ಬಳಿ ಕೈಯ ಹಿಂಬದಿ ಹಿಡಿದು ನೋಡಿದೆ. ಬಿಸಿ ಸಮಾನವಾಗಿತ್ತು. ಹಿಂದಿನ ಗುಂಯ್ ಪೂರ್ತಿ ನಿಂತಿತು. ಮುಂದಕ್ಕೆ ಬಂದ ಗರಗಸದ ಟಯರಿನ ಸಣ್ಣ ಸದ್ದು ಉಳಿದಿದೆ. ಟ್ರೆಡ್ ಇನ್ನೂ ಸಾಕಷ್ಟಿದೆ, ಮುಂದೆ ಓಡುತ್ತ ಆ ಹಲ್ಲು ತಾನಾಗಿ ಸವೆಯುವ ತನಕ ಬಿಟ್ಟಿದ್ದೇನೆ.