ವಿಭೂತಿ ಫಾಲ್ಸಿಗೆ ಹೋಗೋದಾದರೆ

ಉತ್ತರ ಕನ್ನಡದಲ್ಲಿ ಜಲಪಾತಕ್ಕೇನು ಬರವಿಲ್ಲ. ಆದರೆ ಮಾಗೋಡು, ಉಂಚಳ್ಳಿ ಎಲ್ಲ ದೂರದಲ್ಲಿ ನಿಂತು ನೋಡುವಂಥವು. ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಕೆಳಗೆ ಧುಮುಕುತ್ತಾಳೆ, ಅಲ್ಲಿ ಈಜುವ ಮಾತೆಲ್ಲಿ ಬಂತು! ನೀರಿಗೆ ಇಳಿಯಬೇಕು, ಜೊತೆಗೆ ಮಕ್ಕಳು, ವಯಸ್ಸಾದವರೂ ಇದ್ದಾರೆ ಅಂದರೆ ವಿಭೂತಿಯೇ ಸರಿ.

ಶಿರಸಿಯವರು ವಡ್ಡಿ ಘಾಟಿ ಇಳಿದು ಬನ್ನಿ, ಅಂಕೋಲಾ, ಗೋಕರ್ಣ ಕಡೆಯವರು ಅಚವೆ ಮೇಲೆ. ಊರಿನ ಹೆಸರು ಮಾಬಗಿ. ಘಾಟಿ ರಸ್ತೆ ಕಿರಿದು, ತಿರುವು ಜಾಸ್ತಿ. ಮೊಬೈಲ್ ಸಿಗ್ನಲ್ ನಂಬಬೇಡಿ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ, ಚಿಲ್ಲರೆ ದುಡ್ಡೂ ಇರಲಿ. ಗಾಡಿ ನಿಲ್ಲಿಸಿದ ಮೇಲೆ ಕಾಡಿನೊಳಗೆ ಸ್ವಲ್ಪ ನಡೆದರಾಯಿತು.

ಇಷ್ಟೇ ನಡಿಗೆ ಸಾಲದು ಅನ್ನುವವರು ಬೆಳಿಗ್ಗೆ ಮೊದಲು ಯಾಣಕ್ಕೆ ಹೋಗಿ. ಅಲ್ಲಿಂದ ವಿಭೂತಿಗೆ 8-10 ಕಿ.ಮೀ. ಅಷ್ಟೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಸುತ್ತ ಹತ್ತಿ ಇಳಿದು ಬೆವರಿದ ಮೈಯನ್ನು ತಂದು ಈ ನೀರಿಗೆ ಹಾಕಬೇಕು, ಆ ಸುಖವೇ ಬೇರೆ. ಉಲ್ಟಾ ಮಾಡಿದರೆ ಒದ್ದೆ ಬಟ್ಟೆಯಲ್ಲಿ ಮೆಟ್ಟಿಲು ಹತ್ತುವ ಕರ್ಮ.

ಅಕ್ಟೋಬರಿನಿಂದ ಜನವರಿ ಒಳ್ಳೆಯ ಸಮಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫಾಲ್ಸ್ ಚಂದ ಕಾಣುತ್ತದೆ ನಿಜ, ಆದರೆ ನೋಡಿ ಬನ್ನಿ, ಇಳಿಯಬೇಡಿ. ಭಾನುವಾರ ಮಧ್ಯಾಹ್ನ ಹೋದರೆ ಜನರ ನಡುವೆ ಮುಳುಗು ಹಾಕಬೇಕಾಗುತ್ತದೆ, ಆದ್ದರಿಂದ ವಾರದ ದಿನ ಬೇಗ ಹೊರಡಿ.

ಈಜಿನ ವಿಷಯ ಸ್ವಲ್ಪ ನಿಧಾನಕ್ಕೆ ಓದಿ. ನೀರು ತಿಳಿಯಾಗಿದ್ದರೆ ತಳ ಹತ್ತಿರವೇ ಇದ್ದಂತೆ ಕಾಣುತ್ತದೆ, ಹಾಗಿರುವುದಿಲ್ಲ. ಈಜು ಬಾರದವರು ದಂಡೆಯಲ್ಲೇ ಇರಿ, ಸೊಂಟದ ಮಟ್ಟ ದಾಟಬೇಡಿ. ಬಂಡೆ ಮೇಲಿಂದ ಹಾರುವುದಂತೂ ಬೇಡವೇ ಬೇಡ, ನೀರಿನೊಳಗೆ ಕಲ್ಲು ಎಲ್ಲಿದೆ ಅಂತ ಯಾರಿಗೆ ಗೊತ್ತು? ಪಾಚಿ ಕಟ್ಟಿದ ಕಲ್ಲು ಎಣ್ಣೆ ಸವರಿದ ಹಾಗೆ ಜಾರುತ್ತದೆ, ಹವಾಯಿ ಚಪ್ಪಲಿ ಬಿಟ್ಟು ಹಿಡಿತವಿರುವ ಸ್ಯಾಂಡಲ್ ಹಾಕಿ. ಇನ್ನೊಂದು ಮಾತು: ಕೆಳಗೆ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಹೊಡೆಯುತ್ತಿರಬಹುದು. ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ-ಕಡ್ಡಿ ತೇಲಿ ಬಂದರೆ, ಸದ್ದು ಜೋರಾದರೆ ಫೋಟೊ ತೆಗೆಯುತ್ತ ನಿಲ್ಲಬೇಡಿ, ಎಲ್ಲರನ್ನೂ ಕರೆದುಕೊಂಡು ತಕ್ಷಣ ಮೇಲೆ ಹತ್ತಿ.

ಮಳೆಗಾಲದ ಕೊನೆಯಲ್ಲೂ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಇರುತ್ತವೆ. ಹೆದರುವಂಥದ್ದಲ್ಲ, ಒಂದು ಚಿಟಿಕೆ ಉಪ್ಪು ಹಾಕಿದರೆ ತಾನೇ ಬಿಡುತ್ತದೆ. ಆದರೆ ಉಣ್ಣಿ ಹಾಗಲ್ಲ. ಡಿಸೆಂಬರ್‌ನಿಂದ ಮೇ ತನಕ ನಮ್ಮ ಜಿಲ್ಲೆಯಲ್ಲಿ, ಮುಖ್ಯವಾಗಿ ಸಿದ್ದಾಪುರದ ಕಡೆ, ಮಂಗನ ಕಾಯಿಲೆ ಕಾಣಿಸಿಕೊಳ್ಳುತ್ತದೆ, ಅದನ್ನು ಹರಡುವುದು ಈ ಉಣ್ಣಿಯೇ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್ ಹಾಕಿ, ತರಗೆಲೆ ಮೇಲೆ ಸುಮ್ನೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಮನೆಗೆ ಬಂದ ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.